ಮೂಗು ಕಟ್ಟಿದ ದಿನದ ಊಟ

ಧನುರ್ಮಾಸ ನಡೆಯುತ್ತಿದೆ. ಬೆಳಗಿನ ಹೊತ್ತು ಹೊರಗೆ ಮಂಜು, ಮನೆಯೊಳಗೆ ಸೀನು. ನೀವು ಕೂಡ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಈ ಮಾತು ಕೇಳುತ್ತಿರಬಹುದು. ಪಕ್ಕದಲ್ಲಿ ಒಂದು ಲೋಟ ಕಾಫಿ ಇದ್ದರೆ ಒಂದು ಗುಟುಕು ಕುಡಿದು ನೋಡಿ. ಮೂಗು ಕಟ್ಟಿದ್ದರೆ ನಿಮಗೇ ಗೊತ್ತಾಗುತ್ತದೆ. ಬಿಸಿ ಇದೆ. ಸಿಹಿ ಇದೆ. ಸ್ವಲ್ಪ ಕಹಿಯೂ ಇದೆ. ಆದರೆ ಕಾಫಿ ಇಲ್ಲ.

ಇವತ್ತಿನ ಮಾತು ಆ ಕಳೆದುಹೋದ ಕಾಫಿಯ ಬಗ್ಗೆ. ಅದು ಇಲ್ಲದ ದಿನಗಳಲ್ಲಿ ನಮ್ಮ ಕೈಹಿಡಿಯುವ ಸಾರು, ಗಂಜಿ, ಕಷಾಯಗಳ ಬಗ್ಗೆ. ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ನೆನಪಿನಲ್ಲಿ ಉಳಿಯುವ ಹೋಟೆಲ್ ಊಟ ಬಹುಮಟ್ಟಿಗೆ ಮೂಗಿನ ಊಟ. ನೆಗಡಿಗೆ ಮನೆಯಲ್ಲಿ ಮಾಡುವ ಊಟ ಹಾಗಲ್ಲ. ಮೂಗು ಕೈಕೊಟ್ಟಾಗ ಏನು ಉಳಿದಿರುತ್ತದೋ ಅದರಲ್ಲೇ ರುಚಿ ಕಟ್ಟುವ ಊಟ ಅದು. ಅದರ ಹಿಂದಿರುವ ಜಾಣ್ಮೆಗೆ ನಾವು ಸಾಕಷ್ಟು ಬೆಲೆ ಕೊಟ್ಟಿಲ್ಲ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ.

ಮೊದಲು ಹೋಟೆಲಿಗೆ ಹೋಗಿಬರೋಣ.

ಬೆಂಗಳೂರಿನ ಲಾಲ್‌ಬಾಗ್ ಹತ್ತಿರದ ಎಂ.ಟಿ.ಆರ್. ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಉಡುಪಿ ಸೀಮೆಯ ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂತು. ಆಗ ಅಕ್ಕಿಯ ಬದಲು ರವೆ ಹಾಕಿ ಇಡ್ಲಿ ಮಾಡಿದೆವು ಎಂದು ಹೋಟೆಲಿನವರು ಹೇಳುತ್ತಾರೆ. ಈಗ ನಾಡಿನ ತುಂಬ ಸಿಗುವ ರವೆ ಇಡ್ಲಿಯ ಕಥೆ ಅದು.

ಆ ಇಡ್ಲಿಯನ್ನು ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ತಟ್ಟೆ ಮೇಜಿಗೆ ಬರುವ ಮೊದಲೇ ತುಪ್ಪದ ಘಮ ಬಂದಿರುತ್ತದೆ. ಅದರ ಹಿಂದೆ ಹುರಿದ ರವೆಯದು. ಆಮೇಲೆ ಕೆಂಪಗೆ ಕರಿದ ಗೋಡಂಬಿ, ಸಿಡಿದ ಸಾಸಿವೆ, ಕರಿಬೇವು. ಕೊನೆಯಲ್ಲಿ ಬೆಳ್ಳಿ ಲೋಟದ ಕಾಫಿ. ಹುರಿದ ಕಾಫಿಬೀಜದಲ್ಲಿ ಗಾಳಿಗೆ ಹಾರಿಬರುವ ಪರಿಮಳದ ಅಂಶಗಳೇ 800ಕ್ಕೂ ಹೆಚ್ಚು ಎಂದು ರಸಾಯನ ಬಲ್ಲವರು ಎಣಿಸಿದ್ದಾರೆ. ನಾಲಿಗೆಗೆ ಸಿಗುವುದು ಅದರಲ್ಲಿ ಕಹಿ ಮತ್ತು ಒಂದಿಷ್ಟು ಹುಳಿ. ಉಳಿದದ್ದೆಲ್ಲ ಮೂಗಿನ ಪಾಲು.

ಅಲ್ಲಿಂದ ಗಾಂಧಿಬಜಾರಿಗೆ ಬನ್ನಿ. 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನ. ಭಾನುವಾರ ಬೆಳಿಗ್ಗೆ ಹೋದರೆ ಹೊರಗೆ ನಿಂತು ಕಾಯಬೇಕು. ಒಳಗೆ ಅಪರಿಚಿತರ ಜೊತೆ ಒಂದೇ ಮೇಜು. ಬಡಿಸುವವರು ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಬರುತ್ತಾರೆ. ದೋಸೆಯ ಅಂಚು ಗರಿಗರಿ. ತಳ ಕಂದು. ಆದರೆ ಹೊರಗೆ ನಿಂತು ಕಾಯುವ ಅರ್ಧ ಗಂಟೆಯಲ್ಲಿ ನಿಮ್ಮ ಹಸಿವನ್ನು ಕೆರಳಿಸಿದ್ದು ಆ ಗರಿಯೂ ಅಲ್ಲ, ಬಣ್ಣವೂ ಅಲ್ಲ. ಕಾವಲಿಯ ಮೇಲೆ ಬಿದ್ದ ತುಪ್ಪ ಅದು.

ಹೋಟೆಲಿನ ಅಡುಗೆಯವರಿಗೆ ಇದು ಚೆನ್ನಾಗಿ ಗೊತ್ತು. ಗಿರಾಕಿಯನ್ನು ಬೀದಿಯಿಂದ ಒಳಕ್ಕೆ ಕರೆತರುವುದು ವಾಸನೆ. ವರ್ಷಗಳ ಮೇಲೂ ಮತ್ತೆ ಕರೆಯುವುದು ಅದೇ ವಾಸನೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮನಸ್ಸಿನಲ್ಲಿ ಉಳಿದ ಊಟ ಹೆಚ್ಚಾಗಿ ಪರಿಮಳವಾಗಿ ಉಳಿದಿರುತ್ತದೆ. ಇದು ಬರಿಯ ಮಾತಲ್ಲ. ನೀವೇ ಪರೀಕ್ಷೆ ಮಾಡಿ ನೋಡಬಹುದು.

ಊಟ ಮುಗಿಸಿ ದುಡ್ಡು ಕೊಡುವಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬಟ್ಟಲಲ್ಲಿ ಸೋಂಪು ಇಟ್ಟಿರುತ್ತಾರಲ್ಲ, ಆ ಸೋಂಪು ಮನೆಯಲ್ಲಿದ್ದರೆ ನಾಲ್ಕು ಕಾಳು ತೆಗೆದುಕೊಳ್ಳಿ. ಮೂಗನ್ನು ಎರಡು ಬೆರಳಿನಿಂದ ಬಿಗಿಯಾಗಿ ಹಿಡಿಯಿರಿ. ಈಗ ಕಾಳನ್ನು ಬಾಯಿಗೆ ಹಾಕಿ ಅಗಿಯಿರಿ. ಹೊಟ್ಟು ಅಗಿದಂತೆ. ಏನೋ ಸಣ್ಣ ಸಿಹಿ, ಅಷ್ಟೆ. ಈಗ ಬೆರಳು ಬಿಡಿ. ಒಮ್ಮೆಲೇ ಬಾಯಿತುಂಬ ಸೋಂಪು ಬಂತು, ಅಲ್ಲವೇ?

ಅದು ಬಂದದ್ದು ಬಾಯಿಯಿಂದಲ್ಲ. ನಾವು ಅಗಿಯುವಾಗ ಪರಿಮಳ ಗಂಟಲ ಹಿಂಬದಿಯಿಂದ ಮೇಲಕ್ಕೆ ಏರುತ್ತದೆ. ಮೂಗಿನ ನೆತ್ತಿಯಲ್ಲಿ, ಎರಡು ಕಣ್ಣುಗಳ ನಡುವೆ ಒಳಗಡೆ, ವಾಸನೆ ಹಿಡಿಯುವ ಒಂದು ಸಣ್ಣ ಜಾಗ ಇದೆ. ಅಲ್ಲಿಗೆ ಹೋಗಿ ಮುಟ್ಟುತ್ತದೆ. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಹುಟ್ಟುವುದು ಅಲ್ಲಿ. ನೆಗಡಿಯಾದಾಗ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಸಿಂಬಳ ತುಂಬುತ್ತದೆ. ಪರಿಮಳಕ್ಕೆ ಆ ಜಾಗ ತಲುಪಲು ಹಾದಿಯೇ ಇರುವುದಿಲ್ಲ.

ಕೊರೊನಾ ಕಾಲದಲ್ಲಿ ಇದನ್ನು ಮನೆಮನೆಯಲ್ಲಿ ಕಂಡೆವು. ಆಗ ಕೆಲವರಿಗೆ ಮೂಗು ಕಟ್ಟದೆಯೂ ವಾಸನೆ ಹೋಯಿತು. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ವಾಸನೆ ಹೋದ ಮನುಷ್ಯ ಊಟದ ಎದುರು ಎಷ್ಟು ಒಂಟಿಯಾಗುತ್ತಾನೆ ಎಂಬುದು ಆಗ ಬಹಳ ಮಂದಿಗೆ ತಿಳಿಯಿತು.

ಚಳಿಗಾಲದ ನೆಗಡಿಯಲ್ಲಿ ಇನ್ನೂ ಒಂದು ನಷ್ಟ ಇದೆ. ಇದೇ ಅವರೆಕಾಯಿ ಕಾಲ. ಮೈಸೂರು, ಮಂಡ್ಯ, ಕೋಲಾರದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಏರುತ್ತದೆ. ಮಾರುಕಟ್ಟೆಯಲ್ಲಿ ಕಾಯಿಯನ್ನು ಕೈಗೆ ತೆಗೆದುಕೊಂಡು, ತಿಕ್ಕಿ, ಮೂಸಿ ನೋಡಿ ಕೊಳ್ಳುವವರಿದ್ದಾರೆ. ಅಂಗೈಗೆ ಜಿಡ್ಡು ಹತ್ತಬೇಕು. ಆ ಜಿಡ್ಡಿನಲ್ಲೇ ಸೊಗಡು. ಹಿತಕಿದ ಬೇಳೆ ಸಾರಿಗೆ, ಅವರೆಕಾಳು ಉಪ್ಪಿಟ್ಟಿಗೆ, ಕಾಳು ಹಾಕಿದ ಅಕ್ಕಿರೊಟ್ಟಿಗೆ ಪ್ರಾಣ ಅದೇ. ವರ್ಷಕ್ಕೆ ಎರಡು ತಿಂಗಳು ಸಿಗುವ ಆ ಸೊಗಡು ಬಂದಾಗಲೇ ಮೂಗು ಕಟ್ಟಿದರೆ ಯಾರಿಗಾದರೂ ದುಃಖವಾಗುತ್ತದೆ. ಅಂಥ ದಿನ ಹಿತಕಿದ ಬೇಳೆ ಮಾಡಬೇಡಿ ಎಂದೇ ನನ್ನ ಸಲಹೆ. ಕಾಳು ಬಿಡಿಸಿ ಇಟ್ಟಿರಿ. ವಾಸನೆ ಮರಳಿ ಬಂದ ಮೇಲೆ ಮಾಡಿ.

ಹಾಗಾದರೆ ಅಂಥ ದಿನ ಏನು ಮಾಡಬೇಕು?

ಇಲ್ಲಿಯವರೆಗೆ ನೋಡಿದ್ದು, ನೆಗಡಿ ನಮ್ಮಿಂದ ಕಿತ್ತುಕೊಳ್ಳುವುದು ಏನನ್ನು ಎಂದು. ಈಗ ಅದು ಬಿಟ್ಟು ಹೋಗುವುದು ಏನನ್ನು ಎಂದು ನೋಡೋಣ. ನಾಲಿಗೆ ಬಹುಮಟ್ಟಿಗೆ ಹಾಗೇ ಇರುತ್ತದೆ. ಉಪ್ಪು ಗೊತ್ತಾಗುತ್ತದೆ. ಹುಳಿ, ಸಿಹಿ, ಕಹಿ ಗೊತ್ತಾಗುತ್ತವೆ. ಮಾಂಸದ ರಸದಲ್ಲಿ, ಮಾಗಿದ ಟೊಮೇಟೊದಲ್ಲಿ ಇರುವ ಐದನೆಯ ಒಂದು ರುಚಿಯೂ ಗೊತ್ತಾಗುತ್ತದೆ. ಇಕೆಡಾ ಎಂಬ ಜಪಾನಿನ ವಿಜ್ಞಾನಿ 1908ರಲ್ಲಿ ಅದನ್ನು ಗುರುತಿಸಿದರು.

ಇವಲ್ಲದೆ ಇನ್ನೊಂದಿದೆ. ಅದು ಖಾರ. ಖಾರ ನಾಲಿಗೆಯ ರುಚಿಯೂ ಅಲ್ಲ, ಮೂಗಿನ ವಾಸನೆಯೂ ಅಲ್ಲ. ಅದು ಉರಿ. ಮುಖದ ನೋವು, ಬಿಸಿ, ತಣುವುಗಳನ್ನು ಮಿದುಳಿಗೆ ಮುಟ್ಟಿಸುವ ನರವೇ ಖಾರವನ್ನೂ ಮುಟ್ಟಿಸುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಅವರು 1997ರಲ್ಲಿ ಒಂದು ಸಂಗತಿ ಕಂಡುಹಿಡಿದರು. ನರದ ತುದಿಯಲ್ಲಿ ಒಂದು ಬಾಗಿಲು ಇದೆ. ಮೆಣಸಿನಕಾಯಿಯ ಖಾರ ತಟ್ಟಿದರೆ ಅದು ತೆರೆಯುತ್ತದೆ. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಟ್ಟಿದರೂ ಅದೇ ಬಾಗಿಲು ತೆರೆಯುತ್ತದೆ. ಕಾಳುಮೆಣಸು, ಶುಂಠಿ ತಟ್ಟುವುದೂ ಅದನ್ನೇ. ಈ ಕೆಲಸಕ್ಕೆ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು.

ಕೇಳುಗರೇ, ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮೂಗು ಪೂರಾ ಮುಚ್ಚಿದ ದಿನವೂ ಈ ಬಾಗಿಲು ಮುಚ್ಚಿರುವುದಿಲ್ಲ. ಉಪ್ಪು ಇದೆ, ಹುಳಿ ಇದೆ, ಚೂರು ಸಿಹಿ ಇದೆ, ಬಿಸಿ ಇದೆ, ಖಾರ ಇದೆ. ಇವಿಷ್ಟನ್ನೇ ಕೈಗೆ ಕೊಟ್ಟು ಒಂದು ಅಡುಗೆ ಮಾಡಿ ಎಂದರೆ ನೀವು ಏನು ಮಾಡುತ್ತೀರಿ?

ಮೆಣಸಿನ ಸಾರು ಮಾಡುತ್ತೀರಿ. ಬೇರೆ ಏನನ್ನೂ ಮಾಡಲಾರಿರಿ.

ಅದನ್ನು ನಿಧಾನವಾಗಿ ಹೇಳುತ್ತೇನೆ. ಬೇಕಿದ್ದರೆ ಬರೆದುಕೊಳ್ಳಿ. ನಾಲ್ಕು ಜನಕ್ಕೆ ಲೆಕ್ಕ. ಕಾಳುಮೆಣಸು ಒಂದು ಚಮಚ. ಜೀರಿಗೆ ಒಂದು ಚಮಚ. ಐದಾರು ಎಸಳು ಬೆಳ್ಳುಳ್ಳಿ. ನಿಂಬೆಗಾತ್ರದ ಹುಣಸೆಹಣ್ಣು. ಅಡಿಕೆಗಾತ್ರದ ಬೆಲ್ಲ. ಉಪ್ಪು, ಇಂಗು, ಕರಿಬೇವು, ತುಪ್ಪ. ಬೇಳೆ ಬೇಕೆಂದಿಲ್ಲ.

ಮೆಣಸು, ಜೀರಿಗೆಯನ್ನು ಅರ್ಧ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಣಸು ಒಂದೆರಡು ಸಲ ಚಟ್ ಎನ್ನಬೇಕು. ಆ ಸದ್ದು ಕೇಳಿದ ಕೂಡಲೇ ಇಳಿಸಿ. ನೆಗಡಿಯವರೇ ಅಡುಗೆ ಮಾಡುತ್ತಿದ್ದರೆ ಹುರಿದ ವಾಸನೆ ತಿಳಿಯುವುದಿಲ್ಲ. ಅದಕ್ಕೇ ಕಿವಿಗೆ ಕೆಲಸ ಕೊಡುತ್ತಿದ್ದೇನೆ. ಬೆಳ್ಳುಳ್ಳಿಯ ಜೊತೆ ಒರಳಲ್ಲಿ ಹಾಕಿ ಕುಟ್ಟಿ. ಮಿಕ್ಸಿಯಲ್ಲಿ ನುಣ್ಣಗೆ ತಿರುವಬೇಡಿ. ತರಿ ಇರಲಿ. ನುಣ್ಣಗಾದರೆ ಖಾರ ಒಂದೇ ಏಟಿಗೆ ಬಂದು ಹೋಗುತ್ತದೆ. ತರಿಯಿದ್ದರೆ ಗುಟುಕು ಗುಟುಕಿಗೂ ಬರುತ್ತದೆ.

ಹುಣಸೆ ಕಿವುಚಿದ ನೀರಿಗೆ ಉಪ್ಪು, ಬೆಲ್ಲ ಹಾಕಿ ಕುದಿಯಲು ಇಡಿ. ಹಸಿವಾಸನೆ ಹೋಗುವಷ್ಟು, ಎಂದರೆ ಏಳೆಂಟು ನಿಮಿಷ ಕುದಿಯಲಿ. ಆಮೇಲೆ ನಾಲ್ಕು ಲೋಟ ನೀರು, ಕುಟ್ಟಿದ ಪುಡಿ. ಇನ್ನು ಒಲೆಯ ಮುಂದಿನಿಂದ ಕದಲಬೇಡಿ. ಅಂಚಿನಲ್ಲಿ ನೊರೆ ಕಟ್ಟಿ ನಡುವಿಗೆ ಬರುತ್ತದೆ. ಉಕ್ಕಿ ಮೇಲೇಳುವ ಹೊತ್ತಿಗೆ ಒಲೆ ಆರಿಸಿ. ಮತ್ತೆ ಮತ್ತೆ ಕುದಿಸಿದ ಮೆಣಸಿನ ಸಾರು ಕಹಿಯಾಗುತ್ತದೆ. ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ.

ಮೊದಲ ಲೋಟ ಕುಡಿಯಲು. ಎರಡನೆಯ ಸೌಟು ಮೆತ್ತಗಿನ ಅನ್ನಕ್ಕೆ. ಕುಡಿದ ಮೇಲೆ ಹಣೆಯಲ್ಲಿ ಬೆವರು ಮೂಡುತ್ತದೆ. ಮೂಗು ಸೋರುತ್ತದೆ. ಖಾರಕ್ಕೆ ಮೂಗು ನೀರಾಗುವುದು ಸಹಜ. ಕಟ್ಟಿದ್ದು ಸ್ವಲ್ಪ ಹೊತ್ತಿಗಾದರೂ ಸಡಿಲವಾದಂತೆ ಅನ್ನಿಸುತ್ತದೆ.

ಈ ಸಾರಿನ ಕಾಳುಮೆಣಸು ನಮಗೆ ಹಿತ್ತಲಲ್ಲೇ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಕೊಟ್ಟಿದ್ದು ಘಟ್ಟದ ಕಾಳುಮೆಣಸು. ಅದೇ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದರು. ದೇಶದೇಶದವರು ಕಡಲು ದಾಟಿ ಬಂದು ಕೊಂಡ ಆ ಕಾಳು ಮಲೆನಾಡಿನ ಮನೆಗಳಲ್ಲಿ ನೆಗಡಿಯ ಸಾರಿಗೆ ಬೀಳುತ್ತಿತ್ತು.

ಹೋಟೆಲ್ ಊಟ ಮೂಗಿನದು, ನೆಗಡಿಯ ಊಟ ನಾಲಿಗೆ ಮತ್ತು ಖಾರದ್ದು ಎಂದೆ. ಆದರೆ ಈ ಎರಡೂ ಒಂದೇ ಎಲೆಯ ಮೇಲೆ ಸೇರಿದ್ದನ್ನು ನಾನು ಒಮ್ಮೆ ಕಂಡಿದ್ದೇನೆ.

ತೀರ್ಥಹಳ್ಳಿಯಲ್ಲಿ, ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಸಣ್ಣ ಹೋಟೆಲು. ನಾಲ್ಕೈದು ಮೇಜು. ಜನವರಿ ತಿಂಗಳು. ಘಟ್ಟ ಹತ್ತಿ ಬಂದ ಬಸ್ಸಿನ ಕಿಟಕಿ ಗಾಳಿಗೆ ನನ್ನ ನೆಗಡಿ ನೆತ್ತಿಗೇರಿತ್ತು. ಊಟ ಹೇಳಿ ಕುಳಿತೆ. ಎಲೆ ಹಾಕಿದರು. ಪಲ್ಯ, ಕೋಸಂಬರಿ, ಅನ್ನ, ಸಾಂಬಾರು ಬಂದವು. ಎರಡು ತುತ್ತು ತಿಂದು ಕೈ ನಿಂತಿತು. ಯಾವುದೂ ರುಚಿಸಲಿಲ್ಲ. ಬಡಿಸುತ್ತಿದ್ದವರು ವಯಸ್ಸಾದವರು. ಎಲೆಯನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು.

"ನೆಗಡಿ ಜೋರಾಗಿದೆಯಲ್ಲ ಮಾರಾಯ್ರೆ. ಮಜ್ಜಿಗೆ ಹಾಕುವುದಿಲ್ಲ ನಾನು. ಒಂದು ಐದು ನಿಮಿಷ ಕೂತಿರಿ" ಎಂದರು.

ಒಳಗಿನಿಂದ ಕುಟ್ಟುವ ಸದ್ದು ಕೇಳಿತು. ಆಮೇಲೆ ಒಗ್ಗರಣೆಯದು. ದೊಡ್ಡ ಲೋಟದಲ್ಲಿ ಸಾರು ಬಂತು. ಮೇಲೆ ಮೆಣಸಿನ ತರಿ ತೇಲುತ್ತಿತ್ತು. ಲೋಟವನ್ನು ಕರವಸ್ತ್ರ ಸುತ್ತಿ ಹಿಡಿಯಬೇಕಾಯಿತು. ಅದನ್ನು ಕುಡಿದ ಮೇಲೆ ಇನ್ನೊಂದಿಷ್ಟು ಅನ್ನ ಹಾಕಿ, ಅದೇ ಸಾರು ಬಡಿಸಿ, ಎಲೆಯ ಬದಿಗೆ ಒಂದು ಮಿಡಿ ಉಪ್ಪಿನಕಾಯಿ ಇಟ್ಟರು. ಮಿಡಿಯ ಪರಿಮಳ ನನಗೆ ಸಿಗಲಿಲ್ಲ. ಉಪ್ಪು, ಹುಳಿ ಸಿಕ್ಕಿದವು. ಅವತ್ತು ಅಷ್ಟು ಸಾಕಾಗಿತ್ತು. ಎಲೆಯಲ್ಲಿ ಏನೂ ಬಿಡದೆ ಉಂಡೆ.

ಊಟದ ದುಡ್ಡು ತೆಗೆದುಕೊಂಡರು. ಸಾರಿನ ದುಡ್ಡು ತೆಗೆದುಕೊಳ್ಳಲಿಲ್ಲ. ಬಹಳ ಒಳ್ಳೆಯ ಹೋಟೆಲುಗಳಲ್ಲಿ ಬಹಳ ಒಳ್ಳೆಯ ಊಟ ಮಾಡಿದ್ದೇನೆ. ನನ್ನ ಮಟ್ಟಿಗೆ ಮರೆಯಲಾಗದ ಹೋಟೆಲ್ ಊಟ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಗಿರಾಕಿಯ ಮೂಗು ಸತ್ತಿದೆ ಎಂದು ತಿಳಿದು, ಅವನ ನಾಲಿಗೆಗೆ ತಕ್ಕಂತೆ ಅಡುಗೆ ಬದಲಾಯಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನಾಡಿನ ಬೇರೆ ಅಡುಗೆಮನೆಗಳಿಗೆ ಇಣುಕೋಣ. ಹೇಳುತ್ತ ಬಂದ ಮಾತು ನೆನಪಿರಲಿ. ಉಳಿದಿರುವುದು ಉಪ್ಪು, ಹುಳಿ, ಸಿಹಿ, ಕಹಿ, ರಸದ ರುಚಿ, ಬಿಸಿ, ಖಾರ. ಪ್ರತಿ ಸೀಮೆಯೂ ಇವುಗಳಲ್ಲೇ ತನ್ನ ಲೆಕ್ಕ ಕಟ್ಟಿಕೊಂಡಿದೆ.

ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ. ಬಿಸಿಬಿಸಿ ಗಂಜಿಗೆ ಕಲ್ಲುಪ್ಪು, ಪಕ್ಕಕ್ಕೆ ಉಪ್ಪಿನಕಾಯಿ. ಅಗಿಯುವ ಶ್ರಮವಿಲ್ಲ. ನೀರು, ಉಪ್ಪು ಎರಡೂ ಮೈಗೆ ಸೇರುತ್ತವೆ. ಬಯಲುಸೀಮೆಯಲ್ಲಿ ಹುರುಳಿ ಬೇಯಿಸಿದ ಕಟ್ಟಿನ ಸಾರು, ಬಿಸಿ ಮುದ್ದೆ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರೆ ಗಂಟಲಿಗೆ ಶಾಖ ಕೊಟ್ಟಂತೆ. ಮಾಂಸ ತಿನ್ನುವ ಮನೆಗಳಲ್ಲಿ ನಾಟಿಕೋಳಿ ಸಾರು, ಕಾಲು ಸೂಪು. ಬೆಂಗಳೂರು, ಮೈಸೂರು ಕಡೆಯ ಮಿಲಿಟರಿ ಹೋಟೆಲುಗಳಲ್ಲಿ ಬೆಳಿಗ್ಗೆಯೇ ಕಾಲು ಸೂಪು ಸಿಗುತ್ತದೆ. ಮೂಳೆಯನ್ನು ಗಂಟೆಗಟ್ಟಲೆ ಬೇಯಿಸಿ ಇಳಿಸಿದ ರಸ, ಮೇಲೆ ಮೆಣಸಿನಪುಡಿ. ಐದನೆಯ ರುಚಿ ಎಂದೆನಲ್ಲ, ಅದು ಇಲ್ಲಿ ತುಂಬಿರುತ್ತದೆ. ಉತ್ತರ ಕರ್ನಾಟಕದಲ್ಲಿ ಬಿಸಿ ಜೋಳದ ನುಚ್ಚು, ಕೆಂಪು ಖಾರ, ಬೆಳ್ಳುಳ್ಳಿ ಚಟ್ನಿ. ಉತ್ತರ ಕನ್ನಡದಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಪುಡಿಮಾಡಿಟ್ಟು, ಹಾಲು ಬೆಲ್ಲ ಹಾಕಿ ಕಷಾಯ ಕಾಯಿಸುತ್ತಾರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ನೆಗಡಿ ಇಲ್ಲದ ದಿನವೂ ಅತಿಥಿಗೆ ಕೊಡುವುದು ಅದನ್ನೇ.

ಧನುರ್ಮಾಸದ ಹುಗ್ಗಿಯನ್ನೂ ಇದೇ ಸಾಲಿಗೆ ಸೇರಿಸಿ. ಬೆಳಗಿನ ಜಾವದ ಚಳಿಯಲ್ಲಿ ಮೆಣಸು, ಜೀರಿಗೆ, ಶುಂಠಿ ಬಿದ್ದ ಬಿಸಿ ಹುಗ್ಗಿ. ದೇವರಿಗೆ ನೈವೇದ್ಯ, ನಮಗೆ ಬೆಚ್ಚಗಿನ ತಿಂಡಿ.

ಇದಕ್ಕೆಲ್ಲ ಪುರಾವೆ ಏನು ಎಂದು ಕೇಳುವವರಿದ್ದೀರಿ. ಕೇಳಬೇಕು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯ ಬಗ್ಗೆಯೇ ಸಂಶೋಧನೆ ಮಾಡುವ ಒಂದು ಕೇಂದ್ರ ಇತ್ತು. ಅಲ್ಲಿ ರಾನ್ ಎಕಲ್ಸ್ ಮತ್ತು ಅವರ ಜೊತೆಗಾರರು ಸುಮಾರು 30 ಮಂದಿ ನೆಗಡಿಯವರಿಗೆ ಹಣ್ಣಿನ ಪಾನಕ ಕೊಟ್ಟರು. ಕೆಲವರಿಗೆ ಬಿಸಿ, ಕೆಲವರಿಗೆ ಬಿಸಿ ಮಾಡದ್ದು. ಪಾನಕ ಒಂದೇ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಸಿ ಮಾಡದ್ದು ಕುಡಿದವರಿಗೆ ಮೂಗು ಸೋರುವುದು, ಕೆಮ್ಮು, ಸೀನು ಕಡಿಮೆ ಅನ್ನಿಸಿತು. ಬಿಸಿ ಕುಡಿದವರಿಗೆ ಅದರ ಜೊತೆಗೆ ಗಂಟಲು ನೋವು, ಚಳಿ, ಸುಸ್ತು ಕೂಡ ಇಳಿದಂತೆ ಅನ್ನಿಸಿತು. ಆದರೆ ಯಂತ್ರ ಇಟ್ಟು ಅಳೆದಾಗ ಮೂಗಿನಲ್ಲಿ ಗಾಳಿ ಓಡಾಡುವುದು ಹೆಚ್ಚಿರಲಿಲ್ಲ. ಹಿತ ಅನ್ನಿಸಿದ್ದು ನಿಜ. ಮೂಗು ಮಾತ್ರ ತೆರೆದಿರಲಿಲ್ಲ.

ನನಗೆ ಇದರಿಂದ ನಿರಾಸೆಯಾಗಿಲ್ಲ. ನೆಗಡಿ ತರುವ ವೈರಸ್ಸುಗಳು 200ಕ್ಕೂ ಹೆಚ್ಚು. ಯಾವ ಸಾರೂ ಅವನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯಾಟಿಕ್ ಮಾತ್ರೆಯೂ ಕೊಲ್ಲುವುದಿಲ್ಲ. ಹಾಗಾಗಿ ಅಂಗಡಿಗೆ ಹೋಗಿ ನೀವೇ ಕೇಳಿ ಅದನ್ನು ನುಂಗಬೇಡಿ. ವಾರ, ಹತ್ತು ದಿನದಲ್ಲಿ ನಮ್ಮ ಮೈಯೇ ನೆಗಡಿಯನ್ನು ಗೆಲ್ಲುತ್ತದೆ. ಆ ಹತ್ತು ದಿನ ಮನುಷ್ಯ ಉಣ್ಣಬೇಕಲ್ಲ? ಸಾರಿನ ಕೆಲಸ ಅದು.

ಈಗ ಕೆಲವು ಎಚ್ಚರಿಕೆಯ ಮಾತು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿಗೆ ಅಪಾಯ. ದೊಡ್ಡ ಮಕ್ಕಳ ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನು ಹಿತ. ಕುದಿಯುವ ನೀರಿನ ಪಾತ್ರೆ ಮುಂದಿಟ್ಟು ಮಕ್ಕಳಿಗೆ ಹಬೆ ಹಿಡಿಸಬೇಡಿ. ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಚಿಕ್ಕ ಮಕ್ಕಳ ಸಾರಿಗೆ ಮೆಣಸು ಅರ್ಧಕ್ಕೆ ಇಳಿಸಿ. ಹೊಟ್ಟೆ ಹುಣ್ಣು, ಎದೆಯುರಿ ಇರುವವರೂ ಹಾಗೆಯೇ. ಜ್ವರ ಮೂರು ದಿನ ದಾಟಿದರೆ, ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ಸಾರನ್ನು ನಂಬಿ ಕೂರಬೇಡಿ. ವೈದ್ಯರ ಬಳಿ ಹೋಗಿ.

ಕೊನೆಯದಾಗಿ, ಊರು ಬಿಟ್ಟು ಬಂದು ಕೋಣೆಯಲ್ಲಿ, ಹಾಸ್ಟೆಲಿನಲ್ಲಿ ಒಬ್ಬರೇ ಇರುವವರಿಗೆ. ಒಲೆ ಇಲ್ಲ, ಒರಳಿಲ್ಲ ಎಂದು ಚಿಂತೆ ಬೇಡ. ನೀರು ಕಾಯಿಸುವ ಒಂದು ಕೆಟಲ್ ಇದ್ದರೆ ಸಾಕು. ಊರಿಗೆ ಹೋದಾಗ ಮೆಣಸು ಜೀರಿಗೆಯನ್ನು ಹುರಿದು ಕುಟ್ಟಿಸಿ ಒಂದು ಡಬ್ಬಿ ತಂದಿಡಿ. ಕುದಿದ ನೀರಿಗೆ ಅರ್ಧ ಚಮಚ ಪುಡಿ, ಉಪ್ಪು, ಚೂರು ಬೆಲ್ಲ. ಕುಡಿಯುವ ಮೊದಲು ಅರ್ಧ ಹೋಳು ನಿಂಬೆ. ಅದೂ ಆಗದಿದ್ದರೆ ಬೀದಿಯ ತುದಿಯ ದರ್ಶಿನಿಗೆ ಹೋಗಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಬರೀ ಒಂದು ಲೋಟ ತಿಳಿಸಾರು ಕೊಡಿ ಎಂದು ಕೇಳಿ. ಬಿಸಿ ಮಾಡಿಕೊಡಿ ಎಂದೂ ಕೇಳಿ. ಸಂಕೋಚಪಡಬೇಡಿ.

ಮನೆಯಲ್ಲಿ ಒಲೆ ಇರುವವರು ಮೆಣಸಿನ ಸಾರು ಮಾಡುವ ದಿನ ಎರಡು ಲೋಟ ಹೆಚ್ಚಿಗೆ ಮಾಡಿ. ನಿಮ್ಮ ಮಹಡಿಯ ಬಾಡಿಗೆ ಕೋಣೆಯಿಂದ ಎರಡು ದಿನದಿಂದ ಕೆಮ್ಮು ಕೇಳುತ್ತಿದೆಯಲ್ಲ, ಆ ಹುಡುಗನಿಗೆ ಒಂದು ಲೋಟ ಕಳಿಸಿಕೊಡಿ. ಮುಚ್ಚಳ ಹಾಕಿ ಕಳಿಸಿ, ಆರಿಹೋಗುತ್ತದೆ.